ಹರೆಯದ ಹುಡುಗಿಗೆ ಯಾವುದು ಹೊಂದುತ್ತದೆ: ಪ್ಯಾಡ್, ಬಟ್ಟೆ, ಪೀರಿಯಡ್ ಒಳಉಡುಪು, ಕಪ್, ಟ್ಯಾಂಪನ್

ಮಗಳು ಮೈನೆರೆದ ವಾರದಲ್ಲಿ ತಾಯಂದಿರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಬಳಸಿ ಎಸೆಯುವ ಪ್ಯಾಡ್ ಕೊಡಿಸುವುದೋ, ತೊಳೆದು ಬಳಸುವ ಬಟ್ಟೆಯನ್ನೇ ರೂಢಿ ಮಾಡಿಸುವುದೋ, ಅಥವಾ ಯೋನಿಯೊಳಗಿಟ್ಟು ಸ್ರಾವ ಹಿಡಿಯುವ, ಎಲ್ಲರೂ ಹೊಗಳುತ್ತಿರುವ ಕಪ್ ಇಷ್ಟು ಚಿಕ್ಕ ವಯಸ್ಸಿಗೂ ಸರಿಹೋಗುತ್ತದೆಯೋ? ಹುಡುಗಿಯರು ಕೇಳುವುದು ಬೇರೆ. ಬೆಂಚಿನಿಂದ ಎದ್ದಾಗ ಬಟ್ಟೆಯ ಹಿಂದೆ ಕಲೆ ಕಾಣುತ್ತದೆಯೇ, ಓಡುವಾಗ ಜಾರುತ್ತದೆಯೇ, ಒಳಗಿಟ್ಟದ್ದು ಹೊರಗೆ ಬಾರದಿದ್ದರೆ ಏನು ಗತಿ? ಈ ಎರಡು ಬಗೆಯ ಪ್ರಶ್ನೆಗಳಿಗೂ ಒಟ್ಟಿಗೆ ಉತ್ತರ ಬೇಕೆಂದಾದರೆ, ಯಾವ ವಸ್ತು ಒಳ್ಳೆಯದು ಎಂದು ಶುರುಮಾಡುವ ಬದಲು ಈ ಹುಡುಗಿಯ ದಿನ ಹೇಗೆ ಸಾಗುತ್ತದೆ ಎಂದು ಶುರುಮಾಡಬೇಕು.

ಮೊದಲು ಅಳತೆಗೋಲು

ನನ್ನ ಅನುಭವದಲ್ಲಿ ಉಳಿದೆಲ್ಲಕ್ಕಿಂತ ದೊಡ್ಡ ಅಳತೆಗೋಲು ಬದಲಾಯಿಸುವ ಜಾಗ. ಹುಡುಗಿ ಹಗಲಿನ ಹೆಚ್ಚು ಹೊತ್ತು ಕಳೆಯುವ ಕಡೆ ಶೌಚಾಲಯದ ಬಾಗಿಲಿಗೆ ಚಿಲಕವಿದೆಯೇ, ನೀರು ಒಳಗೇ ಸಿಗುತ್ತದೆಯೇ, ಬಳಸಿದ್ದನ್ನು ಹಾಕಲು ಮುಚ್ಚಳವಿರುವ ಬುಟ್ಟಿ ಇದೆಯೇ, ಪಾಠದ ನಡುವೆ ಎದ್ದು ಹೋಗಲು ಅನುಮತಿ ಸಿಗುತ್ತದೆಯೇ ಎಂಬುದನ್ನು ಮೊದಲು ಅವಳಿಂದಲೇ ಕೇಳಿ ತಿಳಿಯಬೇಕು. ನಾನು ಬಲ್ಲ ಹನ್ನೆರಡರ ಹುಡುಗಿಯೊಬ್ಬಳು ಬೆಳಿಗ್ಗೆ ಹಾಕಿಕೊಂಡ ಪ್ಯಾಡನ್ನು ಸಂಜೆ ಮನೆಗೆ ಬಂದ ಮೇಲೆಯೇ ತೆಗೆಯುತ್ತಿದ್ದಳು. ತೊಡೆಸಂದಿನ ಚರ್ಮ ಕೆಂಪಾಗಿ, ನಡೆಯುವುದೇ ಕಷ್ಟವಾಗುವಷ್ಟು ಉಜ್ಜಿಹೋಗಿತ್ತು. ಪ್ಯಾಡಿನ ದೋಷವೆಂದು ಬಗೆದು ತಾಯಿ ಮೂರು ಬಗೆಯ ಪ್ಯಾಡುಗಳನ್ನು ಬದಲಿಸಿ ನೋಡಿದ್ದರು. ನಿಜವಾದ ಕಾರಣವೆಂದರೆ ಶಾಲೆಯ ಶೌಚಾಲಯದಲ್ಲಿ ಬುಟ್ಟಿಯೇ ಇರಲಿಲ್ಲ, ಬಳಸಿದ ಪ್ಯಾಡನ್ನು ಕೈಯಲ್ಲಿ ಹಿಡಿದು ತರಗತಿಗೆ ಮರಳುವ ಧೈರ್ಯ ಅವಳಿಗಿರಲಿಲ್ಲ. ನೀರು ಸೋರದ ಒಂದು ಚಿಕ್ಕ ಜಿಪ್ ಚೀಲವನ್ನು ಅವಳ ಪುಸ್ತಕದ ಚೀಲದಲ್ಲಿಟ್ಟ ಮೇಲೆ, ಅದೇ ಹಳೆಯ ಪ್ಯಾಡಿನಲ್ಲೇ ಚರ್ಮ ವಾಸಿಯಾಯಿತು.

ಎರಡನೆಯದು ತೊಳೆದು ಒಣಗಿಸುವ ಸೌಕರ್ಯ. ಮೂರನೆಯದು ಸ್ರಾವದ ಪ್ರಮಾಣ. ನಾಲ್ಕನೆಯದು ಅವಳಿಗೆ ತನ್ನ ದೇಹದೊಂದಿಗಿರುವ ಪರಿಚಯ. ಯೋನಿದ್ವಾರ ಎಲ್ಲಿದೆ, ಮೂತ್ರದ್ವಾರ ಎಲ್ಲಿದೆ ಎಂದು ಇನ್ನೂ ತಿಳಿಯದ ಹುಡುಗಿಗೆ ಒಳಗಿಡುವ ವಸ್ತುವನ್ನು ಕೊಡುವುದು ಆತುರವಾಗುತ್ತದೆ. ಕೊನೆಯದು ಖರ್ಚು. ಪ್ಯಾಡು, ಟ್ಯಾಂಪನ್ನುಗಳದು (ಯೋನಿಯೊಳಗಿಟ್ಟು ಸ್ರಾವ ಹೀರಿಸುವ ಹತ್ತಿಯ ಸುರುಳಿಯೇ ಟ್ಯಾಂಪನ್) ತಿಂಗಳು ತಿಂಗಳೂ ತಪ್ಪದ ಸಣ್ಣ ಖರ್ಚು. ಬಟ್ಟೆ ಪ್ಯಾಡು, ಪೀರಿಯಡ್ ಒಳಉಡುಪು, ಕಪ್ಪುಗಳದು ಒಮ್ಮೆಗೇ ಬೀಳುವ ದೊಡ್ಡ ಖರ್ಚು. ಎರಡನೆಯ ಬಗೆಯದು ಒಟ್ಟಿನಲ್ಲಿ ಅಗ್ಗವೆಂಬುದು ನಿಜವಾದರೂ, ಒಮ್ಮೆಗೇ ಅಷ್ಟು ಹಣ ಹೊಂದಿಸಲಾಗದ ಮನೆಗೆ ಆ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಅಂಥವರು ಒಂದೊಂದೇ ಬಟ್ಟೆ ಪ್ಯಾಡು ಸೇರಿಸುತ್ತ ಹೋಗುವುದು ಸುಲಭ.

ಎಷ್ಟು ಹೋಗುತ್ತದೆ, ಎಷ್ಟು ಹಿಡಿಯುತ್ತದೆ

ಸ್ರಾವದ ಪ್ರಮಾಣದ ಬಗ್ಗೆ ಹುಡುಗಿಯರಲ್ಲಿರುವ ಭಯ ದೊಡ್ಡದು. ಒಂದು ಮುಟ್ಟಿನ ಎಲ್ಲ ದಿನಗಳೂ ಸೇರಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್, ಅಂದರೆ ಔಷಧಿ ಕುಡಿಯುವ 5 ಮಿಲಿಲೀಟರಿನ ಚಮಚದಲ್ಲಿ ಆರರಿಂದ ಎಂಟು ಚಮಚ. ಲೋಳೆ ಮತ್ತು ಗರ್ಭಕೋಶದ ಒಳಪದರದ ತುಣುಕುಗಳು ಅದರೊಂದಿಗೆ ಸೇರುವುದರಿಂದ ಹೊರಗೆ ಬರುವ ದ್ರವ ಇದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಮಗಳನ್ನು ಎದುರಿಗೆ ಕೂರಿಸಿಕೊಂಡು, ಒಂದು ಪ್ಯಾಡನ್ನು ಬಿಡಿಸಿಟ್ಟು, ಬಣ್ಣ ಬೆರೆಸಿದ ನೀರನ್ನು ಚಮಚದಿಂದ ಅದರ ಮೇಲೆ ನಿಧಾನವಾಗಿ ಹನಿಸಿ ತೋರಿಸಿದರೆ ಅವಳ ಮುಖದ ಬಿಗಿ ಸಡಿಲವಾಗುವುದನ್ನು ಕಾಣಬಹುದು. ಎರಡು ಚಮಚಕ್ಕೇ ಪ್ಯಾಡಿನ ನಡುಭಾಗವೆಲ್ಲ ಬಣ್ಣವಾಗುತ್ತದೆ. ನೋಡಲು ತುಂಬಾ ಹೋದಂತೆ ಕಂಡರೂ ಹೋಗಿರುವುದು ಇಷ್ಟೇ ಎಂದು ಅವಳಿಗೇ ಗೊತ್ತಾಗುತ್ತದೆ.

ಆದರೆ ಪ್ಯಾಡು ನೀರನ್ನು ಹೀರಿದಷ್ಟು ಸುಲಭವಾಗಿ ರಕ್ತವನ್ನು ಹೀರುವುದಿಲ್ಲ, ಪೊಟ್ಟಣದ ಮೇಲಿನ ಸಾಮರ್ಥ್ಯದ ಮಾತುಗಳನ್ನು ಪೂರ್ತಿ ನಂಬಬಾರದೆಂದು ನಾನು ಹೇಳುವುದು ಇದಕ್ಕೇ. 2023ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ನೀರಿಗೆ ಬದಲು ನಿಜವಾದ ಕೆಂಪು ರಕ್ತಕಣಗಳ ದ್ರವವನ್ನೇ ಬಳಸಿ 21 ವಸ್ತುಗಳನ್ನು ಅಳೆಯಿತು. ಪ್ಯಾಡು, ಟ್ಯಾಂಪನ್, ಕಪ್ಪುಗಳು ಸುಮಾರು 20ರಿಂದ 50 ಮಿಲಿಲೀಟರಿನ ಆಸುಪಾಸಿನಲ್ಲಿದ್ದರೆ, ಪೀರಿಯಡ್ ಒಳಉಡುಪು ಹಿಡಿದದ್ದು ಕೇವಲ 2 ಮಿಲಿಲೀಟರ್. ಆ ದ್ರವ ಮುಟ್ಟಿನ ಸ್ರಾವಕ್ಕಿಂತ ಮಂದವಾದದ್ದು ಎಂಬುದನ್ನು ಲೆಕ್ಕಕ್ಕೆ ಹಿಡಿದರೂ, ಯಾವುದನ್ನು ಹೆಚ್ಚು ಸ್ರಾವದ ದಿನಕ್ಕೆ ನಂಬಬಹುದು, ಯಾವುದನ್ನು ಜೊತೆಗಿಟ್ಟುಕೊಳ್ಳಲು ಮಾತ್ರ ಬಳಸಬೇಕು ಎಂಬ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ.

ಬಳಸಿ ಎಸೆಯುವ ಪ್ಯಾಡ್

ಮೊದಲ ಒಂದೆರಡು ವರ್ಷ, ಅದರಲ್ಲೂ ಮನೆಯಿಂದ ಹೊರಗಿರುವ ಹೊತ್ತಿಗೆ, ಬಹುತೇಕ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಕಲಿಯಬೇಕಾದದ್ದು ಕಡಿಮೆ, ನೀರು ಬೇಕಾಗುವುದು ಕಡಿಮೆ, ಬದಲಾಯಿಸಲು ಹಿಡಿಯುವ ಹೊತ್ತು ಎರಡು ನಿಮಿಷ. ಒಳಗಿನ ಮರದ ತಿರುಳಿನ ಜೊತೆ ಬೆರೆಸಿರುವ ಪಾಲಿಮರ್ ಪುಡಿ ದ್ರವವನ್ನು ಹೀರಿ ಜೆಲ್ಲಿಯಂತೆ ಹಿಡಿದಿಡುವುದರಿಂದ ಮೇಲ್ಭಾಗ ಒಣಗಿದಂತೆ ತೋರುತ್ತದೆ. ಈ ಒಣಗಿದ ಭಾವನೆಯೇ ಮೋಸಮಾಡುವುದೂ ಉಂಟು. ಸ್ರಾವ ಕಡಿಮೆಯಿದ್ದರೂ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು. ತಳದ ಪ್ಲಾಸ್ಟಿಕ್ ಹಾಳೆ ಗಾಳಿಯಾಡಲು ಬಿಡದ ಕಾರಣ ಬೆವರು, ಶಾಖ, ಉಜ್ಜುವಿಕೆ ಮೂರೂ ಸೇರಿ ಚರ್ಮ ಕೆರಳುತ್ತದೆ. ಸುವಾಸನೆ ಬೆರೆಸಿದ ಪ್ಯಾಡುಗಳನ್ನು ಕೊಳ್ಳಲೇಬೇಡಿ. ಪ್ಯಾಡಿನ ಉದ್ದ, ರೆಕ್ಕೆಗಳ ಜಾಗ ಹುಡುಗಿಯ ಒಳಉಡುಪಿಗೆ ಹೊಂದಬೇಕು. ಸಡಿಲವಾದ ಒಳಉಡುಪಿನಲ್ಲಿ ಎಷ್ಟು ದುಬಾರಿಯ ಪ್ಯಾಡೂ ಸರಿಯುತ್ತದೆ, ಸೋರುತ್ತದೆ.

ಇದರ ದೊಡ್ಡ ತೊಡಕು ವಿಲೇವಾರಿ. ಶೌಚದ ಗುಂಡಿಗೆ ಹಾಕಿದರೆ ಕೊಳವೆ ಕಟ್ಟಿಕೊಳ್ಳುತ್ತದೆ, ಬಯಲಲ್ಲಿ ಸುಟ್ಟರೆ ಪ್ಲಾಸ್ಟಿಕ್ಕಿನ ವಿಷಹೊಗೆ ಏಳುತ್ತದೆ. ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕುವುದೊಂದೇ ದಾರಿ, ಮತ್ತು ಆ ಬುಟ್ಟಿ ಇರಲೇಬೇಕು.

ತೊಳೆದು ಬಳಸುವ ಬಟ್ಟೆ ಪ್ಯಾಡ್

ಬಟ್ಟೆಯ ಬಗ್ಗೆ ಅನ್ಯಾಯದ ಮಾತುಗಳು ಬಹಳ ಕೇಳಿಬರುತ್ತವೆ. ಬಟ್ಟೆ ಕೊಳಕು, ಬಟ್ಟೆಯಿಂದ ಸೋಂಕು ಎನ್ನುವವರು ಬಟ್ಟೆಯನ್ನಲ್ಲ, ಅದನ್ನು ಒಣಗಿಸಿದ ರೀತಿಯನ್ನು ದೂರಬೇಕು. ಚೆನ್ನಾಗಿ ತೊಳೆದು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದ ಹತ್ತಿಯ ಪ್ಯಾಡು ಚರ್ಮಕ್ಕೆ ಎಲ್ಲಕ್ಕಿಂತ ಮೆದುವಾದದ್ದು, ಪ್ಯಾಡಿನ ಪ್ಲಾಸ್ಟಿಕ್ಕಿಗೆ ತುರಿಕೆ ಬರುವ ಹುಡುಗಿಯರಿಗೆ ಹೆಚ್ಚು ಒಗ್ಗುವುದೂ ಇದೇ. ಅದೇ ಬಟ್ಟೆಯನ್ನು ನಾಚಿಕೆಗಾಗಿ ಮಂಚದ ಕೆಳಗೋ ಇನ್ನೊಂದು ಬಟ್ಟೆಯ ಮರೆಯಲ್ಲೋ ಆರಹಾಕಿ, ಅರೆತೇವದಲ್ಲೇ ಮತ್ತೆ ಹಾಕಿಕೊಂಡರೆ ಆ ತೇವದಲ್ಲಿ ಸೂಕ್ಷ್ಮಜೀವಿಗಳೂ ಶಿಲೀಂಧ್ರವೂ ಬೆಳೆಯುತ್ತವೆ.

ಆದ್ದರಿಂದ ಬಟ್ಟೆಯನ್ನು ಆರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಮನೆಯಲ್ಲಿ ಇದನ್ನು ಎಲ್ಲರಿಗೂ ಕಾಣುವ ಹಗ್ಗದ ಮೇಲೆ ಒಣಗಿಸಬಹುದೇ? ಆಗದು ಎಂದಾದರೆ, ಅಥವಾ ವಾರಗಟ್ಟಲೆ ಬಿಸಿಲೇ ಬೀಳದ ಕಾಲವಾದರೆ, ಆ ಮಟ್ಟಿಗೆ ಬೇರೆ ಏರ್ಪಾಡು ಬೇಕು. ತೊಳೆಯುವ ಕ್ರಮ ಕಷ್ಟದ್ದಲ್ಲ. ಮೊದಲು ತಣ್ಣೀರಿನಲ್ಲಿ ಅದ್ದಿ, ನೀರು ತಿಳಿಯಾಗುವ ತನಕ ಹಿಂಡಬೇಕು. ಬಿಸಿನೀರು ಮೊದಲೇ ತಾಗಿದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ಎಳೆಗಳಲ್ಲಿ ಕಚ್ಚಿ, ಕಲೆ ಬಿಡುವುದಿಲ್ಲ. ಆಮೇಲೆ ಸಾಬೂನು ಹಾಕಿ ತಿಕ್ಕಿ, ಸಾಬೂನು ಉಳಿಯದಂತೆ ಜಾಲಾಡಿಸಿ, ಬಿಸಿಲಿಗೆ ಹರಡಬೇಕು. ಶಾಲೆಯಲ್ಲಿ ಬದಲಾಯಿಸಿದ ಒದ್ದೆ ಬಟ್ಟೆಯನ್ನು ಸಂಜೆಯವರೆಗೆ ಚೀಲದಲ್ಲಿಟ್ಟುಕೊಳ್ಳುವುದು ಎಲ್ಲ ಹುಡುಗಿಯರಿಗೂ ಒಪ್ಪಿಗೆಯಾಗದು. ಮನೆಯಲ್ಲಿ, ರಾತ್ರಿ, ರಜೆಯ ದಿನಗಳಲ್ಲಿ ಬಟ್ಟೆ. ಶಾಲೆಗೆ ಬಳಸಿ ಎಸೆಯುವ ಪ್ಯಾಡು ಎಂದು ಹಂಚಿಕೊಂಡರೆ ಖರ್ಚೂ ಕಸವೂ ಅರ್ಧಕ್ಕಿಳಿಯುತ್ತವೆ. ಒಂದನ್ನೇ ಆರಿಸಬೇಕೆಂಬ ನಿಯಮವೇನೂ ಇಲ್ಲವಲ್ಲ.

ಪೀರಿಯಡ್ ಒಳಉಡುಪಿನ ಮಾತು ಹೆಚ್ಚು ಬೆಳೆಸಬೇಕಿಲ್ಲ. ನೋಡಲು ಮಾಮೂಲಿ ಒಳಉಡುಪಿನಂತೆಯೇ ಇದ್ದು, ಹೀರುವ ಪದರಗಳನ್ನು ಒಳಗೆ ಹೊಲಿದಿರುವ ಇದು ಜಾರುವುದಿಲ್ಲ, ಸದ್ದು ಮಾಡುವುದಿಲ್ಲ, ಹಾಕಿಕೊಂಡದ್ದೇ ಮರೆತುಹೋಗುತ್ತದೆ. ಮುಟ್ಟು ಯಾವ ದಿನ ಬರುವುದೆಂದು ಗೊತ್ತಿಲ್ಲದ ಮೊದಲ ವರ್ಷದಲ್ಲಿ ಮುನ್ನೆಚ್ಚರಿಕೆಯಾಗಿ ಹಾಕಿಕೊಳ್ಳಲು, ಸ್ರಾವ ಇಳಿದ ಕೊನೆಯ ದಿನಗಳಿಗೆ, ಪ್ಯಾಡಿನ ಬೆಂಬಲಕ್ಕೆ ಇದು ತುಂಬಾ ಒಳ್ಳೆಯದು. ಆದರೆ ಹೊರಗೆ ಬದಲಾಯಿಸಬೇಕೆಂದರೆ ಮೇಲಿನ ಬಟ್ಟೆಯನ್ನೂ ತೆಗೆಯಬೇಕು, ಮೂರ್ನಾಲ್ಕಾದರೂ ಬೇಕಾಗುವುದರಿಂದ ಮೊದಲ ಖರ್ಚು ಹೆಚ್ಚು, ದಪ್ಪ ಪದರಗಳು ಒಣಗಲು ಹೊತ್ತು ಬೇಕು. ಬಟ್ಟೆ ಮೃದುವಾಗಿಸುವ ದ್ರಾವಣ ಹಾಕಿ ತೊಳೆದರೆ ಹೀರುವ ಗುಣವೇ ಕುಂದುತ್ತದೆ.

ಕಪ್: ಯಾವಾಗ, ಯಾರಿಗೆ

ವೈದ್ಯಕೀಯ ದರ್ಜೆಯ ಸಿಲಿಕೋನಿನ, ಗಂಟೆಯಾಕಾರದ ಈ ಪುಟ್ಟ ಬಟ್ಟಲು ಹೊಸ ಕಾಲದ್ದೆಂದು ತೋರಿದರೂ ಇದರ ಪೇಟೆಂಟು ಅಮೆರಿಕದಲ್ಲಿ ದೊರೆತದ್ದು 1937ರಲ್ಲಿ. ಹೀರುವ ಬದಲು ಸ್ರಾವವನ್ನು ಹಿಡಿದಿಡುವುದು ಇದರ ಕೆಲಸ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷದವರೆಗೂ ಬಾಳುವುದರಿಂದ ಒಟ್ಟು ಲೆಕ್ಕದಲ್ಲಿ ಇದರಷ್ಟು ಅಗ್ಗದ್ದು ಇನ್ನೊಂದಿಲ್ಲ, ಕಸವೂ ಇಲ್ಲವೆನ್ನುವಷ್ಟು ಕಡಿಮೆ. ಹೊರಗೆ ಬುಟ್ಟಿಯಿಲ್ಲದ, ಪದೇ ಪದೇ ಎದ್ದು ಹೋಗಲಾಗದ ಹುಡುಗಿಗೆ ಇದರಿಂದಾಗುವ ಅನುಕೂಲ ದೊಡ್ಡದು. ತಯಾರಕರು 12 ಗಂಟೆಯವರೆಗೆ ಇಡಬಹುದೆನ್ನುತ್ತಾರೆ. ಕಲಿಯುತ್ತಿರುವವರು ಆರರಿಂದ ಎಂಟು ಗಂಟೆಗೊಮ್ಮೆ ಖಾಲಿಮಾಡುವುದು ಮೇಲೆಂದು ನನ್ನ ಅಭಿಪ್ರಾಯ. ಶಾಲೆಯ ಹೊತ್ತು ಅಷ್ಟರಲ್ಲಿ ಮುಗಿಯುತ್ತದೆ.

2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಸಮೀಕ್ಷೆ 43 ಅಧ್ಯಯನಗಳನ್ನು, ಅವುಗಳಲ್ಲಿ ಭಾಗವಹಿಸಿದ 3,319 ಹುಡುಗಿಯರು ಮತ್ತು ಮಹಿಳೆಯರ ಅನುಭವವನ್ನು ಒಟ್ಟುಗೂಡಿಸಿ ನೋಡಿತು. ಸೋರುವಿಕೆ ಪ್ಯಾಡು, ಟ್ಯಾಂಪನ್ನುಗಳಷ್ಟೇ ಅಥವಾ ಅದಕ್ಕಿಂತ ಕಡಿಮೆ ಇತ್ತು, ಮತ್ತು ಬಳಕೆ ಕಲಿತವರಲ್ಲಿ ನೂರಕ್ಕೆ ಸುಮಾರು 70 ಮಂದಿ ಮುಂದುವರಿಸಲು ಬಯಸಿದರು. ಆದರೆ ಹಿಡಿತ ಸಿಗಲು ಕೆಲವು ತಿಂಗಳು ಹಿಡಿಯುತ್ತದೆಂಬುದೂ ಅದೇ ಸಮೀಕ್ಷೆಯ ಮಾತು. ಮೊದಲ ತಿಂಗಳಲ್ಲೇ ಸೋರಿತೆಂದು ಕಪ್ಪನ್ನು ಮೂಲೆಗೆ ಎಸೆದವರು ಬಹಳ ಮಂದಿ.

ಕಲಿಯುವ ಬಗೆ ಹೀಗೆ. ರಜೆಯ ದಿನ, ಮನೆಯಲ್ಲಿ, ಅವಸರವಿಲ್ಲದ ಹೊತ್ತಿನಲ್ಲಿ ಕೈಯನ್ನು ಸಾಬೂನಿನಿಂದ ತೊಳೆದು, ಕಪ್ಪಿನ ಅಂಚನ್ನು ಇಂಗ್ಲಿಷಿನ ಸಿ ಅಕ್ಷರದಂತೆ ಮಡಚಿ, ಕುಕ್ಕರಗಾಲಿನಲ್ಲಿ ಕುಳಿತು, ನೇರ ಮೇಲಕ್ಕಲ್ಲದೆ ಬೆನ್ನಿನ ಕಡೆಗೆ ಓರೆಯಾಗಿ ಒಳಸೇರಿಸಬೇಕು. ಕೈ ಬಿಟ್ಟೊಡನೆ ಅದು ಅರಳಿ ಗೋಡೆಗೆ ಅಂಟಿ ಕೂರುತ್ತದೆ. ತೆಗೆಯುವಾಗ ಕಪ್ಪಿನ ತಳದಲ್ಲಿರುವ ಬಾಲವನ್ನು ಹಿಡಿದು ಎಳೆಯಬಾರದು. ತಳವನ್ನು ಎರಡು ಬೆರಳಲ್ಲಿ ಹಿಸುಕಿ ಅಂಟು ಬಿಡಿಸಿದ ಮೇಲೆ ಮೆಲ್ಲನೆ ಅಲುಗಿಸುತ್ತ ಇಳಿಸಬೇಕು. ಒಳಗೇ ಕಳೆದುಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಯೋನಿಯ ತುದಿಯಲ್ಲಿ ಗರ್ಭಕೋಶದ ಕೊರಳು ಇದೆ, ಅದರ ರಂಧ್ರ ಕಪ್ಪು ದಾಟುವಷ್ಟು ದೊಡ್ಡದಲ್ಲ. ಮುಟ್ಟು ಮುಗಿದ ಮೇಲೆ ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಕುದಿಸಿ, ಗಾಳಿಯಾಡುವ ಬಟ್ಟೆಯ ಚೀಲದಲ್ಲಿಡಬೇಕು. ಹುಡುಗಿಯರಿಗೆ ಚಿಕ್ಕ ಅಳತೆಯದನ್ನೇ ಕೊಳ್ಳಿ.

ತಾಯಂದಿರ ಮನಸ್ಸಿನಲ್ಲಿದ್ದೂ ಬಾಯಿಗೆ ಬಾರದ ಪ್ರಶ್ನೆಯೊಂದಿದೆ: ಕನ್ಯಾಪೊರೆ ಹರಿದುಹೋಗುವುದಿಲ್ಲವೇ? ಅದು ದ್ವಾರವನ್ನು ಮುಚ್ಚಿದ ಪರದೆಯಲ್ಲ, ಅಂಚಿನ ಸುತ್ತ ಇರುವ ಹಿಗ್ಗುವ ಅಂಗಾಂಶ, ಒಬ್ಬೊಬ್ಬರಲ್ಲಿ ಒಂದೊಂದು ಆಕಾರದ್ದು. ಮುಚ್ಚಿಕೊಂಡಿದ್ದರೆ ಮುಟ್ಟಿನ ರಕ್ತವೇ ಹೊರಗೆ ಬರುತ್ತಿರಲಿಲ್ಲ. ಕಪ್ಪಿನಿಂದ, ಟ್ಯಾಂಪನ್ನಿನಿಂದ, ಆಟೋಟದಿಂದ ಅದು ಸ್ವಲ್ಪ ಹಿಗ್ಗಬಹುದು ಅಥವಾ ಹರಿಯಬಹುದು; ಅದರಿಂದ ಹುಡುಗಿಯ ಆರೋಗ್ಯಕ್ಕೆ ಕುಂದಿಲ್ಲ, ಅವಳ ಬಗ್ಗೆ ಅದು ಏನನ್ನೂ ಹೇಳುವುದೂ ಇಲ್ಲ. ಕನ್ಯತ್ವ ಪರೀಕ್ಷೆಗೆ ವೈದ್ಯಕೀಯ ಆಧಾರವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ವಿಶ್ವಸಂಸ್ಥೆಯ ಇತರ ಅಂಗಗಳೊಂದಿಗೆ ಸ್ಪಷ್ಟವಾಗಿ ಹೇಳಿದೆ. ಇಷ್ಟಾದರೂ ಹುಡುಗಿಗೇ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ಭಯದಿಂದ ಸ್ನಾಯು ಬಿಗಿದಾಗ ನೋವಾಗುತ್ತದೆ, ಆ ನೋವು ನೆನಪಿನಲ್ಲಿ ಉಳಿಯುತ್ತದೆ. ಹದಿಮೂರಕ್ಕೆ ಬೇಡವೆಂದವಳು ಹದಿನೇಳಕ್ಕೆ ತಾನೇ ಕೇಳಬಹುದು.

ಟ್ಯಾಂಪನ್ ಈಜುವ ಹುಡುಗಿಯರಿಗೆ, ಆಟಗಾರ್ತಿಯರಿಗೆ ಅನುಕೂಲದ್ದು, ಒಳಗಿಡುವುದು ಕಪ್ಪಿಗಿಂತ ಸುಲಭ. ಆದರೆ ಮರೆಗುಳಿ ಹುಡುಗಿಗೆ ನಾನು ಇದನ್ನು ಹೇಳುವುದಿಲ್ಲ. ನಾಲ್ಕರಿಂದ ಎಂಟು ಗಂಟೆಯೊಳಗೆ ತೆಗೆಯಲೇಬೇಕು. 1980ರ ಸುಮಾರಿಗೆ ಅಮೆರಿಕದಲ್ಲಿ ಅತಿಯಾಗಿ ಹೀರುವ ಟ್ಯಾಂಪನ್ನುಗಳ ಬಳಕೆಯೊಂದಿಗೆ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ ಮಾರಕ ಕಾಯಿಲೆ ಹರಡಿ ಹಲವರು ಪ್ರಾಣ ಕಳೆದುಕೊಂಡರು. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಹೊರಬಿಡುವ ವಿಷ ಅದರ ಕಾರಣ, ಮತ್ತು ಆ ವಿಷಕ್ಕೆ ಎದುರಾದ ಪ್ರತಿಕಾಯಗಳು ಹರೆಯದವರಲ್ಲಿ ಇನ್ನೂ ಬೆಳೆದಿರದಿರಬಹುದು. ಇಂದು ಅದು ಬಹಳ ವಿರಳ, ಕಪ್ ಬಳಸಿದವರಲ್ಲೂ ಬೆರಳೆಣಿಕೆಯಷ್ಟು ಕಂಡಿದೆ. ಆದರೂ ಟ್ಯಾಂಪನ್ ಅಥವಾ ಕಪ್ ಇಟ್ಟುಕೊಂಡಿರುವಾಗ ಏಕಾಏಕಿ ಜೋರು ಜ್ವರ, ವಾಂತಿ, ಮೈಮೇಲೆ ಬಿಸಿಲಿಗೆ ಸುಟ್ಟಂಥ ಕೆಂಪು, ತಲೆಸುತ್ತು ಬಂದರೆ ಅದನ್ನು ತೆಗೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸ್ರಾವಕ್ಕೆ ಸಾಕಾಗುವಷ್ಟೇ ಹೀರುವ, ಅತಿ ಸಣ್ಣ ಅಳತೆಯದನ್ನು ಆರಿಸುವುದು ಇದಕ್ಕಾಗಿಯೇ.

ನೋವಿಗೆ ಯಾವುದು

ಹೊಟ್ಟೆನೋವಿನ ವಿಷಯದಲ್ಲೂ ಇದೇ ಬಗೆಯ ಗೊಂದಲವಿದೆ: ಶಾಖ ಕೊಡುವುದೋ, ಮಾತ್ರೆ ಕೊಡುವುದೋ, ಸಹಿಸಿಕೊಳ್ಳಲು ಹೇಳುವುದೋ? ಮೂರನೆಯದನ್ನು ಆಯ್ಕೆಯೆಂದೇ ನಾನು ಎಣಿಸುವುದಿಲ್ಲ. ಗರ್ಭಕೋಶದ ಒಳಪದರ ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ, ಅದು ಸ್ನಾಯುವನ್ನು ಹಿಂಡುತ್ತದೆ. ನೋವಿನ ಜೊತೆ ವಾಕರಿಕೆ, ಭೇದಿ ಬರುವುದೂ ಅದರಿಂದಲೇ. ಬಿಸಿನೀರಿನ ಚೀಲವನ್ನು ಕಿಬ್ಬೊಟ್ಟೆಯ ಮೇಲಿಡುವುದರಿಂದ ನಿಜಕ್ಕೂ ಉಪಶಮನ ಸಿಗುತ್ತದೆ, ಅಡ್ಡಪರಿಣಾಮವಿಲ್ಲ, ಆದರೆ ತರಗತಿಗೆ ಒಯ್ಯಲಾಗದು. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಬಗೆಯ ಮಾತ್ರೆಗಳು ಪ್ರೊಸ್ಟಗ್ಲ್ಯಾಂಡಿನ್ ಉತ್ಪತ್ತಿಯನ್ನೇ ತಡೆಯುವುದರಿಂದ ಪ್ಯಾರಾಸಿಟಮಾಲ್‌ಗಿಂತ ಹೆಚ್ಚು ಕೆಲಸ ಮಾಡುತ್ತವೆ, ಮತ್ತು ನೋವು ಏರಿದ ಮೇಲಲ್ಲ, ಶುರುವಾಗುತ್ತಿದ್ದಂತೆಯೇ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತವೆ. ಹೊಟ್ಟೆಗೆ ಏನಾದರೂ ಹಾಕಿಕೊಂಡೇ ನುಂಗಬೇಕು. ಪ್ರಮಾಣವನ್ನು ವಯಸ್ಸಿಗೂ ತೂಕಕ್ಕೂ ತಕ್ಕಂತೆ ವೈದ್ಯರಿಂದ ಕೇಳಿಕೊಳ್ಳಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ನೋವಿನ ಮಾತ್ರೆಗೆ ಕೆರಳುವ ಉಬ್ಬಸ ಇರುವವರಿಗೆ ಇವು ಹೊಂದುವುದಿಲ್ಲ. ಹದಿನಾರರೊಳಗಿನವರಿಗೆ ಆಸ್ಪಿರಿನ್ ಬೇಡ.

ಇವುಗಳಿಂದ ಮೂರು ತಿಂಗಳಾದರೂ ತರಗತಿ ತಪ್ಪುವುದು ನಿಲ್ಲದಿದ್ದರೆ ವೈದ್ಯರು ಹಾರ್ಮೋನ್ ಮಾತ್ರೆ ಸೂಚಿಸಬಹುದು. ಗರ್ಭನಿರೋಧಕವೆಂಬ ಹೆಸರು ಕೇಳಿ ಹೆದರಬೇಕಿಲ್ಲ. ಇಲ್ಲಿ ಅದು ಚಿಕಿತ್ಸೆ, ಮುಂದೆ ಮಕ್ಕಳಾಗುವುದಕ್ಕೆ ಅದು ಅಡ್ಡಿಯಲ್ಲ. ಕಣ್ಣಿನ ಮುಂದೆ ಬೆಳಕು ಮಿಂಚಿ ಬರುವ ಮೈಗ್ರೇನ್ ಇದ್ದರೆ ಮಾತ್ರ ಮೊದಲೇ ಹೇಳಬೇಕು, ಏಕೆಂದರೆ ಈಸ್ಟ್ರೊಜೆನ್ ಇರುವ ಮಾತ್ರೆ ಅಂಥವರಿಗೆ ಅಪಾಯ. ಯಾವುದಕ್ಕೂ ಬಗ್ಗದ ನೋವಿನ ಹಿಂದೆ ಎಂಡೊಮೆಟ್ರಿಯಾಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಇರಬಹುದು, ಹದಿಹರೆಯದಲ್ಲೂ ಇರಬಹುದು.

ವಸ್ತು ಬದಲಿಸಿ ಪರಿಹಾರವಾಗದ ಸಂಗತಿಗಳು

ಎರಡು ಪ್ಯಾಡು ಒಟ್ಟಿಗೆ ಹಾಕಿದರೂ ಸೋರುತ್ತದೆ, ಯಾವ ಪ್ಯಾಡು ಒಳ್ಳೆಯದು ಎಂದು ಕೇಳುವವರಿಗೆ ನಾನು ಪ್ಯಾಡಿನ ಹೆಸರು ಹೇಳುವುದಿಲ್ಲ. ಗಂಟೆ ಎರಡು ಗಂಟೆಗೊಂದು ಪ್ಯಾಡು ಪೂರ್ತಿ ತೊಯ್ಯುವುದು, ಏಳು ದಿನ ದಾಟುವುದು, ದೊಡ್ಡ ಹೆಪ್ಪುಗಳು ಬರುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಇವೆಲ್ಲ ವೈದ್ಯರ ಬಳಿ ಹೋಗಬೇಕಾದ ಲಕ್ಷಣಗಳು. ಮೊದಲ ಮುಟ್ಟಿನಿಂದಲೇ ಹೀಗಿದ್ದು, ಜೊತೆಗೆ ಮೂಗಿನಿಂದ ಆಗಾಗ ರಕ್ತ, ಸಣ್ಣ ಏಟಿಗೂ ಮೈ ಕಪ್ಪುಗಟ್ಟುವುದು ಇದ್ದರೆ ರಕ್ತ ಹೆಪ್ಪುಗಟ್ಟುವಿಕೆಯ ಜನ್ಮಜಾತ ದೋಷವಾದ ವಾನ್ ವಿಲೆಬ್ರಾಂಡ್ ಕಾಯಿಲೆಯ ಪರೀಕ್ಷೆಯೂ ಬೇಕಾಗಬಹುದು. ಅಂಥವಳಿಗೆ ಐಬುಪ್ರೊಫೆನ್ ಕೊಡಬಾರದು. ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆಯೆಂದೇ ಲೆಕ್ಕ.

ದಿನಗಳ ಏರುಪೇರಿಗೆ ಮಾತ್ರ ಅಷ್ಟು ಬೇಗ ಗಾಬರಿಯಾಗಬೇಡಿ. ಮೊದಲ ಒಂದೆರಡು ವರ್ಷ ಅಂಡೋತ್ಪತ್ತಿ ಪ್ರತಿ ತಿಂಗಳೂ ಆಗುವುದಿಲ್ಲ, ಆದ್ದರಿಂದ 21ರಿಂದ 45 ದಿನಗಳ ಅಂತರ ಹರೆಯದಲ್ಲಿ ಸಹಜವೇ. ಮೂರು ತಿಂಗಳು ಬಾರದೇ ಇದ್ದರೆ, ಅಥವಾ 15 ತುಂಬಿದರೂ ಮೈನೆರೆಯದಿದ್ದರೆ ತೋರಿಸಬೇಕು. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2015ರಲ್ಲಿ ಋತುಚಕ್ರವನ್ನು ನಾಡಿ, ಉಸಿರು, ರಕ್ತದೊತ್ತಡಗಳ ಸಾಲಿಗೆ ಸೇರಿಸಿ ನೋಡಬೇಕೆಂದು ಹೇಳಿದ್ದು ಇಂಥ ಸೂಚನೆಗಳು ಅದರಲ್ಲೇ ಮೊದಲು ಕಾಣುವುದರಿಂದ. ಹಾಗಾಗಿ ಮೇಲಿನ ಯಾವುದನ್ನೇ ಆರಿಸಿಕೊಂಡರೂ, ಒಂದು ಸಣ್ಣ ಪುಸ್ತಕದಲ್ಲಿ ಮುಟ್ಟು ಶುರುವಾದ ದಿನ, ಮುಗಿದ ದಿನ, ದಿನಕ್ಕೆ ಎಷ್ಟು ಸಲ ಬದಲಾಯಿಸಿದಳು, ಸೋರಿತೇ, ಚರ್ಮ ಉಜ್ಜಿತೇ, ನೋವಿಗೆ ಏನು ತೆಗೆದುಕೊಂಡಳು ಎಂದು ಹುಡುಗಿಯ ಕೈಯಿಂದಲೇ ಬರೆಸಿ. ಮೂರು ತಿಂಗಳಾದ ಮೇಲೆ ಆ ಪುಟವನ್ನು ಅವಳ ಜೊತೆ ಕೂತು ಓದಿ, ಇದೇ ಇರಲಿ ಅಥವಾ ಬದಲಿಸೋಣ ಎಂಬ ಮಾತನ್ನು ಅವಳೇ ಹೇಳಲಿ. ವೈದ್ಯರ ಬಳಿ ಹೋಗಬೇಕಾಗಿ ಬಂದರೆ ಜೊತೆಗೆ ಒಯ್ಯಬೇಕಾದದ್ದೂ ಅದೇ ಪುಸ್ತಕ.